ಆಟಿಯಲ್ಲಿ ಕಡಲು ದಾಟುವವರು

ತುಳುನಾಡಿನ ಲೆಕ್ಕದಲ್ಲಿ ಆಟಿ ಶುಭಕಾರ್ಯಕ್ಕೆ ಒಗ್ಗದ ತಿಂಗಳು. ಜುಲೈ ನಡುವಿನಿಂದ ಆಗಸ್ಟ್ ನಡುವಿನ ತನಕ, ಸುರಿಯುವ ಮಳೆಯೊಂದಿಗೆ ಬರುವ ಈ ತಿಂಗಳಲ್ಲಿ ಮದುವೆ ಇಲ್ಲ, ಮನೆ ಒಕ್ಕಲು ಇಲ್ಲ, ಹೊಸ ಕೆಲಸಕ್ಕೆ ಕೈಹಾಕುವುದೂ ಇಲ್ಲ. ಹೊಸ ಮದುಮಗಳು ತವರಿಗೆ ಬರುತ್ತಾಳೆ. ಅಮಾವಾಸ್ಯೆಯ ಬೆಳಗ್ಗೆ ಪಾಲೆಮರದ ತೊಗಟೆಯ ಕಹಿ ಕಷಾಯ ಕುಡಿಯುತ್ತಾರೆ. ಕೊಡೆ ಹಿಡಿದ ಆಟಿ ಕಳಂಜ ಮಾರಿ ಕಳೆಯಲು ಮನೆಮನೆಗೆ ಬರುತ್ತಾನೆ. ಈ ಹೊತ್ತಿನಲ್ಲಿ ದೂರ ಪ್ರಯಾಣದ ಮಾತೆತ್ತಿದರೆ ಹಿರಿಯರು, "ಆಟಿ ಕಳೆಯಲಿ, ಸೋಣದಲ್ಲಿ ನೋಡುವ" ಎನ್ನುತ್ತಿದ್ದರು.

ಆದರೆ ಇಂದು ಉಡುಪಿ, ಮಣಿಪಾಲ, ಕಾಪು, ಕಾರ್ಕಳದ ಎಷ್ಟೋ ಮನೆಗಳಿಂದ ಬದುಕಿನ ಅತಿ ದೊಡ್ಡ ಪ್ರಯಾಣ ಹೊರಡುವುದು ಇದೇ ಆಟಿಯಲ್ಲಿ. ಅಮೆರಿಕದ ವಿಶ್ವವಿದ್ಯಾಲಯಗಳ ತರಗತಿಗಳು ಆಗಸ್ಟ್ ಕೊನೆಯ ಹೊತ್ತಿಗೆ ಆರಂಭವಾಗುತ್ತವೆ. ಅಲ್ಲಿಯ ಪಂಚಾಂಗಕ್ಕೆ ಆಟಿಯ ಪರಿವೆ ಇಲ್ಲ. ಹಾಗಾಗಿ ಮಳೆ ಹೊಯ್ಯುತ್ತಿರುವ ಒಂದು ಸಂಜೆ ಚಾವಡಿಯಲ್ಲಿ ಎರಡು ದೊಡ್ಡ ಪೆಟ್ಟಿಗೆಗಳು ಬಾಯ್ತೆರೆದು ಕೂತಿರುತ್ತವೆ. ಒಂದೊಂದಕ್ಕೆ 23 ಕಿಲೋ ಎಂಬುದು ಬಹಳಷ್ಟು ವಿಮಾನ ಸಂಸ್ಥೆಗಳ ಮಿತಿ. ತೂಕದ ಯಂತ್ರದ ಮೇಲೆ ಪೆಟ್ಟಿಗೆ ಇಟ್ಟು ನೋಡಿ, ಒಂದು ಪುಸ್ತಕ ತೆಗೆದು, ಒಂದು ಸಾರಿನ ಪುಡಿಯ ಪೊಟ್ಟಣ ತುರುಕಿ, ಮತ್ತೆ ತೂಗುವ ಕೆಲಸ ನಡುರಾತ್ರಿಯ ತನಕ ನಡೆಯುತ್ತದೆ. ಅಜ್ಜಿ ಮಾತ್ರ ಮೂಲೆಯಲ್ಲಿ ಕುಳಿತು ಮೂರೇ ಪ್ರಶ್ನೆ ಕೇಳುತ್ತಾರೆ: ಅಲ್ಲಿ ಊಟಕ್ಕೇನು? ಯಾರ ಜೊತೆ ಇರುವುದು? ಬರುವುದು ಯಾವಾಗ?

ಮೊಮ್ಮಗನಿಗೆ ಇದು ಹಳೆಯ ಕಾಲದವರ ಕಳವಳವೆನಿಸಬಹುದು. ಪ್ರಶ್ನೆಗಳು ನಿಜಕ್ಕೂ ಹಳೆಯವೇ. ಎಷ್ಟು ಹಳೆಯವು ಎಂಬುದನ್ನು ತಿಳಿಯಲು ವಿಮಾನವನ್ನು ಸ್ವಲ್ಪ ಬದಿಗಿಟ್ಟು ಹಡಗಿನ ಕಾಲಕ್ಕೆ ಹೋಗಬೇಕು.

ಕಡಲು ನಮಗೆ ಹೊಸತೇ?

ಉಡುಪಿಯವರಿಗೆ ಕಡಲು ಹೊಸತಲ್ಲ. ಇಲ್ಲಿಯ ಕೃಷ್ಣನೇ ಹಡಗಿನಲ್ಲಿ ಬಂದವನೆಂಬುದು ನಂಬಿಕೆ. ದ್ವಾರಕೆಯ ಕಡೆಯಿಂದ ಬಂದ ಹಡಗೊಂದು ಮಲ್ಪೆಯ ಬಳಿ ಬಿರುಗಾಳಿಗೆ ಸಿಕ್ಕಿದಾಗ, ದಡದಲ್ಲಿದ್ದ ಮಧ್ವಾಚಾರ್ಯರು ಅದನ್ನು ಕಾಪಾಡಿ, ಅದರಲ್ಲಿದ್ದ ಗೋಪೀಚಂದನದ ಗಡ್ಡೆಯನ್ನು ಕೇಳಿ ಪಡೆದರೆಂದೂ ಅದರೊಳಗೆ ಕೃಷ್ಣನ ವಿಗ್ರಹವಿತ್ತೆಂದೂ ಐತಿಹ್ಯ ಹೇಳುತ್ತದೆ. ಮಲ್ಪೆಯ ವಡಭಾಂಡೇಶ್ವರದ ಬಲರಾಮನೂ ಇದೇ ಕತೆಗೆ ಸೇರಿದವನು. ಬಾರ್ಕೂರು, ಬಸ್ರೂರುಗಳು ಶತಮಾನಗಳ ಕಾಲ ಕಡಲ ವ್ಯಾಪಾರದಿಂದ ಬೆಳೆದ ಪಟ್ಟಣಗಳು. ಮೊಗವೀರರಿಗೆ ಕಡಲೇ ಗದ್ದೆ; ಬ್ಯಾರಿಗಳಿಗೂ ಕೊಂಕಣಿ ವರ್ತಕರಿಗೂ ಅದೇ ಹೆದ್ದಾರಿ.

ಮಳೆಗಾಲದಲ್ಲಿ ಮಾತ್ರ ಈ ಹೆದ್ದಾರಿ ಮುಚ್ಚುತ್ತಿತ್ತು. ಹಾಯಿಹಡಗುಗಳು ದಡ ಸೇರುತ್ತಿದ್ದವು. ಶ್ರಾವಣದ ನೂಲ ಹುಣ್ಣಿಮೆಯ ಹೊತ್ತಿಗೆ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸಿದ ಮೇಲೆಯೇ ಮತ್ತೆ ಕಡಲಿಗಿಳಿಯುವುದು. ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ಜೂನ್ ಮತ್ತು ಜುಲೈ ತಿಂಗಳಲ್ಲಿ ಸರಕಾರವೇ ಹೇರುವ ನಿಷೇಧ ಒಂದು ರೀತಿಯಲ್ಲಿ ಆ ಹಳೆಯ ಶಿಸ್ತಿನ ಮುಂದುವರಿಕೆ. ಆಟಿಯಲ್ಲಿ ಪ್ರಯಾಣ ಬೇಡವೆಂಬ ಮಾತಿನ ಹಿಂದೆ ತುಂಬಿ ಹರಿಯುವ ಹೊಳೆ, ಕೊಚ್ಚಿಹೋದ ಸಂಕ, ಮುಚ್ಚಿದ ಬಂದರು, ಬರಿದಾದ ಕಣಜ ಎಲ್ಲವೂ ಇದ್ದವು.

ಹಾಗಾದರೆ ಕಡಲು ದಾಟಬಾರದೆಂಬ ಮಾತು ಎಲ್ಲಿಂದ ಬಂತು? ಅದು ಎಲ್ಲರಿಗೂ ಅನ್ವಯಿಸಿದ್ದಲ್ಲ, ಮುಖ್ಯವಾಗಿ ಮೇಲುಜಾತಿಗಳಿಗೆ, ಅದರಲ್ಲೂ ಬ್ರಾಹ್ಮಣರಿಗೆ ಹೇಳಿದ್ದು. ಕ್ರಿಸ್ತಪೂರ್ವ ಕಾಲದ್ದೆಂದು ಎಣಿಸಲಾಗುವ ಬೌಧಾಯನ ಧರ್ಮಸೂತ್ರ ಸಮುದ್ರಯಾನವನ್ನು ಜಾತಿಯಿಂದ ಬೀಳಿಸುವ ದೋಷಗಳ ಪಟ್ಟಿಯಲ್ಲಿ ಹೇಳುತ್ತದೆ. ಪ್ರಾಯಶ್ಚಿತ್ತವೂ ಸಣ್ಣದಲ್ಲ: ನಾಲ್ಕು ಹೊತ್ತಿಗೊಮ್ಮೆ ಮಿತವಾದ ಊಟ, ದಿನಕ್ಕೆ ಮೂರು ಸ್ನಾನ, ಹಗಲು ನಿಂತೇ ಇರುವುದು, ರಾತ್ರಿ ಕುಳಿತೇ ಇರುವುದು, ಹೀಗೆ ಮೂರು ವರ್ಷ. ಅದೇ ಗ್ರಂಥ ಸಮುದ್ರಯಾನವನ್ನು ಉತ್ತರದವರಲ್ಲಿ ಕಾಣುವ ರೂಢಿಗಳಲ್ಲಿ ಒಂದೆಂದೂ ಹೆಸರಿಸುತ್ತದೆ. ಅಂದರೆ ನಿಷೇಧ ಬರೆದ ಕಾಲಕ್ಕೇ ಹೋಗುವವರು ಹೋಗುತ್ತಿದ್ದರು! ಮುಂದೆ ಬಂದ ಕಲಿವರ್ಜ್ಯಗಳ ಪಟ್ಟಿ, ಎಂದರೆ ಕಲಿಯುಗದಲ್ಲಿ ಮಾಡಬಾರದವುಗಳ ಪಟ್ಟಿ, ಇನ್ನೂ ಬಿಗಿಯಾಯಿತು. ಹಡಗೇರಿ ಹೋದ ದ್ವಿಜ ಪ್ರಾಯಶ್ಚಿತ್ತ ಮಾಡಿಕೊಂಡರೂ ಅವನೊಡನೆ ಬಳಕೆ ಬೇಡ ಎಂದಿತು.

ಏಕೆ ಈ ಕಟ್ಟುನಿಟ್ಟು? ಹಡಗಿನಲ್ಲಿ ಸ್ನಾನ, ಸಂಧ್ಯಾವಂದನೆ, ಮಡಿ ನಡೆಯದು. ನೀರು ಯಾರದೋ, ಅಡುಗೆ ಯಾರದೋ. ಸೇರಿದ ದೇಶದಲ್ಲಿ ಯಾರ ಪಂಕ್ತಿಯಲ್ಲಿ ಕೂರುತ್ತಾನೋ ತಿಳಿಯದು. ಮರಳಿ ಬಂದವನು ಹೋದವನೇ ಹೌದೇ ಎಂಬ ಖಾತ್ರಿಯಿಲ್ಲ. ಊಟ, ಸಂಗ, ಮರಳುವಿಕೆ. ಚಾವಡಿಯ ಮೂಲೆಯಲ್ಲಿ ಕುಳಿತ ಅಜ್ಜಿ ಕೇಳಿದ್ದೂ ಈ ಮೂರನ್ನೇ.

ಮೋಹನದಾಸ ಗಾಂಧಿಯವರ ಕತೆ ಓದುಗರಿಗೆ ನೆನಪಿರಬಹುದು. 1888ರಲ್ಲಿ ಬ್ಯಾರಿಸ್ಟರ್ ಓದಿಗೆ ಹೊರಟ ಹದಿನೆಂಟರ ಯುವಕನನ್ನು ಬೊಂಬಾಯಿಯ ಮೋಢ್ ಬನಿಯಾ ಸಮಾಜ ಜಾತಿಯಿಂದ ಹೊರಗಿಟ್ಟಿತು. ಬೀಳ್ಕೊಡಲು ಬಂದರಿಗೆ ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡ ಎಂದಿತು. ತಾಯಿ ಮಗನಿಂದ ಮೂರು ಮಾತು ತೆಗೆದುಕೊಂಡಿದ್ದರು: ಮಾಂಸ ತಿನ್ನುವುದಿಲ್ಲ, ಮದ್ಯ ಮುಟ್ಟುವುದಿಲ್ಲ, ಪರಸ್ತ್ರೀಯ ಸಂಗ ಮಾಡುವುದಿಲ್ಲ. ಸಮಾಜ ಕೇಳಿದ ಪ್ರಶ್ನೆಗಳನ್ನೇ ತಾಯಿಯೂ ಕೇಳಿದರು. ಆದರೆ ಸಮಾಜ ಬಾಗಿಲು ಮುಚ್ಚಿತು, ತಾಯಿ ಮಾತು ಪಡೆದು ಬಾಗಿಲು ತೆರೆದರು. 1891ರಲ್ಲಿ ಮರಳಿ ಬಂದಾಗ ಗಾಂಧಿಯವರಿಗೆ ನಾಸಿಕದಲ್ಲಿ ಶುದ್ಧಿಸ್ನಾನವಾಯಿತು, ರಾಜಕೋಟೆಯಲ್ಲಿ ಜಾತಿಯವರಿಗೆ ಊಟ ಹಾಕಿಸಲಾಯಿತು.

ಬಾಸೆಲ್‌ನಿಂದ ಕೇಂಬ್ರಿಜ್‌ಗೆ

ನಮ್ಮ ಜಿಲ್ಲೆಯಲ್ಲಿ ಈ ಕತೆ ಅದಕ್ಕೂ ಹಿಂದೆಯೇ ಶುರುವಾಗುತ್ತದೆ. 1834ರಲ್ಲಿ ಬಾಸೆಲ್ ಮಿಷನ್ ಮಂಗಳೂರಿಗೆ ಬಂತು. ಹತ್ತು ವರ್ಷದ ಬಳಿಕ, 1844ರಲ್ಲಿ, ಸಾರಸ್ವತ ಬ್ರಾಹ್ಮಣ ಮನೆತನದ ಆನಂದರಾವ್ ಕೌಂಡಿನ್ಯ ಎಂಬ ತರುಣ ಕ್ರೈಸ್ತನಾದ. ಹರ್ಮನ್ ಆನಂದರಾವ್ ಕೌಂಡಿನ್ಯ ಎಂಬ ಹೆಸರಿನಲ್ಲಿ ಆತ 1846ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್‌ಗೆ ಹೋಗಿ ಅಲ್ಲಿಯ ಧರ್ಮಶಾಸ್ತ್ರದ ಶಾಲೆಯಲ್ಲಿ ಓದಿ, 1851ರಲ್ಲಿ ಮರಳಿದ. ಸೂಯೆಜ್ ಕಾಲುವೆ ತೆರೆಯಲು ಆಗ ಇನ್ನೂ ಹದಿನೆಂಟು ವರ್ಷವಿತ್ತು. ಮತಾಂತರದಿಂದಲೇ ಜಾತಿಯ ಹೊರಗಾಗಿದ್ದ ಆತನಿಗೆ ಕಡಲು ದಾಟಿದ್ದರಿಂದ ಕಳೆದುಕೊಳ್ಳಲು ಬೇರೇನೂ ಉಳಿದಿರಲಿಲ್ಲ.

ಜಾತಿಯೊಳಗೇ ಇದ್ದು ಹೋದವರ ಪಾಡು ಬೇರೆ. ಹೊನ್ನಾವರದಲ್ಲಿ ಹುಟ್ಟಿ ಬೊಂಬಾಯಿಯಲ್ಲಿ ವಕೀಲರಾಗಿದ್ದ ನಾರಾಯಣ ಗಣೇಶ ಚಂದಾವರ್ಕರ್ 1885ರಲ್ಲಿ ಭಾರತದ ಅಹವಾಲನ್ನು ಇಂಗ್ಲೆಂಡಿನ ಮತದಾರರ ಮುಂದಿಡಲು ಹೋದ ಪ್ರತಿನಿಧಿಗಳಲ್ಲಿ ಒಬ್ಬರು. ಮುಂದೆ ಅವರು 1900ರ ಲಾಹೋರ್ ಕಾಂಗ್ರೆಸ್ಸಿನ ಅಧ್ಯಕ್ಷರಾದರು, ಬೊಂಬಾಯಿ ಹೈಕೋರ್ಟಿನ ನ್ಯಾಯಮೂರ್ತಿಯೂ ಆದರು. ಅವರ ಸಾರಸ್ವತ ಸಮಾಜದಲ್ಲಿ ಆ ದಶಕಗಳಲ್ಲಿ 'ಪರದೇಶಗಮನ' ಎಂಬುದು ಮನೆಮನೆಯನ್ನು ಎರಡಾಗಿಸಿದ ವಿಷಯ. ಹೋಗಿ ಬಂದವನದು ಒಂದು ತೊಂದರೆ. ಅವನೊಡನೆ ಊಟಕ್ಕೆ ಕೂತವರದು ಇನ್ನೊಂದು. ತಮ್ಮನ ಮಗ ವಿಲಾಯತಿಯಿಂದ ಬಂದರೆ ದೊಡ್ಡಪ್ಪನ ಮನೆಯ ಮದುವೆಗೆ ಪುರೋಹಿತರು ಬರುವರೋ ಇಲ್ಲವೋ ಎಂದು ಯೋಚಿಸಬೇಕಾಗಿದ್ದ ಕಾಲವದು.

ಆದರೂ ಹುಡುಗರು ಹೋದರು. ಕಾರಣ ಸರಳ: ಸರಕಾರದ ಅತಿ ದೊಡ್ಡ ನೌಕರಿಯಾದ ಐ.ಸಿ.ಎಸ್. ಪರೀಕ್ಷೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. 1922ರಲ್ಲಷ್ಟೇ ಅದನ್ನು ಭಾರತದಲ್ಲೂ ನಡೆಸತೊಡಗಿದರು. ಬ್ಯಾರಿಸ್ಟರ್ ಆಗಬೇಕಿದ್ದವರಿಗೂ ಲಂಡನ್ನೇ ಗತಿ. ಶಾಸ್ತ್ರ ಒಂದು ಕಡೆ, ಹುದ್ದೆ ಇನ್ನೊಂದು ಕಡೆ ನಿಂತಾಗ ಯಾವುದು ಗೆಲ್ಲುತ್ತದೆಂದು ಹೇಳಬೇಕಿಲ್ಲ.

ಉಡುಪಿ ಸೀಮೆಯ ಬೆನಗಲ್ ಊರಿನ ಹೆಸರು ಹೊತ್ತ ಮನೆತನವೊಂದನ್ನು ನೋಡಿ. 1887ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಬೆನಗಲ್ ನರಸಿಂಗ ರಾಯರು ಮಂಗಳೂರಿನ ಕೆನರಾ ಹೈಸ್ಕೂಲಿನಲ್ಲಿಯೂ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿಯೂ ಓದಿ, ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜಿಗೆ ಹೋದರು, 1909ರಲ್ಲಿ ಐ.ಸಿ.ಎಸ್. ಪರೀಕ್ಷೆಯಲ್ಲಿ ತೇರ್ಗಡೆಯಾದರು. 1946ರಲ್ಲಿ ಸಂವಿಧಾನ ರಚನಾ ಸಭೆಯ ಸಲಹೆಗಾರರಾಗಿ, ಮುಂದೆ ಭಾರತದ ಸಂವಿಧಾನದ ಮೊದಲ ಕರಡನ್ನು ಸಿದ್ಧಪಡಿಸಿದವರು ಇವರೇ. ತಮ್ಮ ರಾಮ ರಾಯರೂ ಕೇಂಬ್ರಿಜ್‌ನಲ್ಲಿ ಓದಿ, 1949ರಿಂದ 1957ರ ತನಕ ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದರು. ಒಂದು ತಲೆಮಾರು ಪಂಕ್ತಿಯ ಬಗ್ಗೆ ಜಗಳವಾಡುತ್ತಿದ್ದಾಗ, ಮುಂದಿನ ತಲೆಮಾರು ದೇಶಕ್ಕೆ ಬೇಕಾದ ವಿದ್ಯೆ ಕಲಿತು ಬಂದಿತ್ತು. ಜಗಳ ತೀರ್ಪಾಗಲಿಲ್ಲ, ಸುಮ್ಮನೆ ಸವೆದುಹೋಯಿತು.

ಮೂರು ವಾರದ ಪಾಠ

ಹಡಗಿನ ಪ್ರಯಾಣಕ್ಕೂ ಇಂದಿನ ಹಾರಾಟಕ್ಕೂ ಇರುವ ದೊಡ್ಡ ವ್ಯತ್ಯಾಸ ವೇಗದ್ದೆಂದು ನಾವು ಹೇಳುತ್ತೇವೆ. ಆ ವೇಗದಲ್ಲಿ ಕಳೆದುಹೋದದ್ದೇನು ಎಂಬುದನ್ನೂ ನೋಡಬೇಕು.

ಕರಾವಳಿಯವರಿಗೆ ಪ್ರಯಾಣದ ಮೊದಲ ಹಂತವೇ ಬೊಂಬಾಯಿ. ಕಾಪುವಿನ ದೀಪಸ್ತಂಭ ಕಟ್ಟಿದ್ದು 1901ರಲ್ಲಿ. ಮಂಗಳೂರಿನಿಂದ ಬಡಗು ಮುಖವಾಗಿ ಸ್ಟೀಮರಿನಲ್ಲಿ ಹೋಗುವವರಿಗೆ ಕತ್ತಲಲ್ಲಿ ಕಾಣುವ ಊರ ಕಡೆಯ ದೀಪಗಳಲ್ಲಿ ಅದೂ ಒಂದು. ಬೊಂಬಾಯಿಯಿಂದ ಏಡನ್, ಸೂಯೆಜ್ ದಾಟಿ ಇಂಗ್ಲೆಂಡ್ ಸೇರಲು ಸುಮಾರು ಮೂರು ವಾರ. ಗಾಂಧಿಯವರು ಸೆಪ್ಟೆಂಬರ್ 4ರಂದು ಹೊರಟು ತಿಂಗಳ ಕೊನೆಗೆ ತಲುಪಿದರು. ಮುಳ್ಳುಚಮಚ ಹಿಡಿಯಲು ಬಾರದೆ, ಯಾವ ತಿನಿಸಿನಲ್ಲಿ ಮಾಂಸವಿದೆಯೆಂದು ಕೇಳಲು ನಾಚಿ, ತಮ್ಮ ಕೋಣೆಯಲ್ಲೇ ಕುಳಿತು ಮನೆಯಿಂದ ತಂದ ಸಿಹಿತಿಂಡಿ, ಹಣ್ಣು ತಿಂದರಂತೆ.

ಆ ಮೂರು ವಾರ ಒಂದು ಶಾಲೆ. ಇಂಗ್ಲಿಷ್ ಮಾತಿಗೆ ಕಿವಿ ಹೊಂದುತ್ತಿತ್ತು. ಚಳಿ ಮೆಲ್ಲಮೆಲ್ಲನೆ ಮೈಗೆ ತಾಗುತ್ತಿತ್ತು. ಬಿಟ್ಟುಬಂದ ಊರಿಗಾಗಿ ಅಳಲು ಸಾಕಷ್ಟು ಬಿಡುವಿತ್ತು. ಭಾರತಕ್ಕೂ ಇಂಗ್ಲೆಂಡಿಗೂ ಇರುವ ಐದೂವರೆ ಗಂಟೆಯ ಅಂತರವನ್ನು ಮೂರು ವಾರಕ್ಕೆ ಹಂಚಿದರೆ ದಿನಕ್ಕೆ ಕಾಲು ಗಂಟೆ. ಇಷ್ಟು ಸಣ್ಣ ಬದಲಾವಣೆ ದೇಹಕ್ಕೆ ಗೊತ್ತೇ ಆಗುವುದಿಲ್ಲ. 1936ರಲ್ಲಿ ಆಕ್ಸ್‌ಫರ್ಡಿಗೆ ಓದಲು ಹೋದ ವಿನಾಯಕ ಕೃಷ್ಣ ಗೋಕಾಕರಿಗೆ ಕಡಲು ಕವಿತೆಯ ವಸ್ತುವೇ ಆಯಿತು. 'ಸಮುದ್ರ ಗೀತೆಗಳು' 1940ರಲ್ಲಿ ಹೊರಬಂತು. ಇಂದು ಮೇಲೆ ಹಾರುವವರಿಗೆ ಕಡಲು ಕಾಣುವುದೇ ಅಪರೂಪ, ಕಂಡರೂ ಕಿಟಕಿಯ ಆಚೆಗಿನ ಒಂದು ನೀಲಿ ಹಾಳೆ.

ವಿಮಾನ ಬಂದದ್ದು ಸ್ವಾತಂತ್ರ್ಯದ ಮಗ್ಗುಲಲ್ಲೇ. 1948ರ ಜೂನ್ 8ರಂದು ಏರ್ ಇಂಡಿಯಾ ಇಂಟರ್‌ನ್ಯಾಷನಲ್‌ನ 'ಮಲಬಾರ್ ಪ್ರಿನ್ಸೆಸ್' ವಿಮಾನ ಕೈರೋ, ಜಿನೀವಾ ಮಾರ್ಗವಾಗಿ ಬೊಂಬಾಯಿಯಿಂದ ಲಂಡನ್ನಿಗೆ ಹಾರಿತು. 1951ರ ಡಿಸೆಂಬರ್ 25ರಂದು ಪ್ರಧಾನಿ ನೆಹರೂ ಬಂದಿಳಿಯುವುದರೊಂದಿಗೆ ಬಜ್ಪೆಯ ವಿಮಾನ ನಿಲ್ದಾಣ ಆರಂಭವಾಯಿತು. ಅಲ್ಲಿಂದ ನೇರ ವಿದೇಶಕ್ಕೆ ಹಾರುವ ಭಾಗ್ಯಕ್ಕೆ ಕರಾವಳಿ 2006ರ ತನಕ ಕಾಯಬೇಕಾಯಿತು. ಮೊದಲು ಒದಗಿದ್ದು ದುಬೈ. ಯುರೋಪ್, ಅಮೆರಿಕಗಳಿಗೆ ಹೋಗುವವರು ಮುಂಬಯಿಯಲ್ಲೋ ಬೆಂಗಳೂರಿನಲ್ಲೋ ಕೊಲ್ಲಿಯ ದೊಡ್ಡ ನಿಲ್ದಾಣವೊಂದರಲ್ಲೋ ವಿಮಾನ ಬದಲಿಸಬೇಕು. ಬಜ್ಪೆಯ ಹೆಸರು ಬಂದಾಗ ಹಿರಿಯರು ಒಂದು ಕ್ಷಣ ಮೌನವಾಗುವುದೂ ಉಂಟು. 2010ರ ಮೇ 22ರ ಬೆಳಗ್ಗೆ ದುಬೈಯಿಂದ ಬಂದ ವಿಮಾನ ಅಲ್ಲಿ ಓಡುಹಾದಿ ದಾಟಿ ಕಣಿವೆಗೆ ಬಿದ್ದು 158 ಮಂದಿ ಸತ್ತರು, ಎಂಟು ಮಂದಿ ಮಾತ್ರ ಉಳಿದರು. ಈ ಜಿಲ್ಲೆಗಳಲ್ಲಿ ಆ ದಿನವನ್ನು ಮರೆತವರು ಕಡಿಮೆ. ಮಕ್ಕಳನ್ನು ಒಳಗೆ ಕಳುಹಿಸಿ ಗಾಜಿನ ಬಾಗಿಲ ಹೊರಗೆ ನಿಂತವರ ಕೈಗಳು ತಾವಾಗಿಯೇ ಜೋಡಿಸಿಕೊಳ್ಳುವುದರ ಹಿಂದೆ ಆ ನೆನಪೂ ಇದೆ.

ಕುದುರೆಮುಖದ ನೆತ್ತಿಯ ಮೇಲೆ

ಮೊದಲ ಬಾರಿ ದೂರ ಹಾರುವವರಿಗೆ ದೇಹದಲ್ಲಾಗುವ ಕೆಲವು ಬದಲಾವಣೆಗಳ ಕಾರಣ ತಿಳಿದಿದ್ದರೆ ಅನುಕೂಲ. ವಿಮಾನ ಹತ್ತು ಹನ್ನೊಂದು ಕಿಲೋಮೀಟರ್ ಎತ್ತರದಲ್ಲಿ ಹಾರುವಾಗ ಹೊರಗಿನ ಗಾಳಿ ಉಸಿರಾಟಕ್ಕೆ ಸಾಲದಷ್ಟು ತೆಳು. ಅದಕ್ಕಾಗಿ ಒಳಗೆ ಒತ್ತಡ ತುಂಬುತ್ತಾರೆ. ಆದರೆ ಉಡುಪಿಯ ಸಮುದ್ರಮಟ್ಟದ ಒತ್ತಡದಷ್ಟು ತುಂಬುವುದಿಲ್ಲ. ತುಂಬಿದರೆ ವಿಮಾನದ ಗೋಡೆಗಳ ಮೇಲೆ ವಿಪರೀತ ಭಾರ ಬೀಳುತ್ತದೆ. ಸುಮಾರು 6,000ದಿಂದ 8,000 ಅಡಿ ಎತ್ತರದ ಬೆಟ್ಟದ ಮೇಲಿರುವಷ್ಟು ಒತ್ತಡ ಒಳಗಿರುತ್ತದೆ. ಕಾರ್ಕಳದಿಂದ ಮೂಡಣಕ್ಕೆ ಘಟ್ಟ ಹತ್ತಿದರೆ ಸಿಗುವ ಕುದುರೆಮುಖದ ನೆತ್ತಿ 1,894 ಮೀಟರ್, ಅಂದರೆ 6,200 ಅಡಿಗೆ ತುಸು ಮೇಲೆ. ಅಮೆರಿಕಕ್ಕೆ ಹಾರುವವನು ಒಂದಿಡೀ ರಾತ್ರಿ ಕುದುರೆಮುಖದ ನೆತ್ತಿಯ ಮೇಲೆ ಕುರ್ಚಿ ಹಾಕಿ ಕೂತಂತೆ. ಏರುವಾಗ, ಇಳಿಯುವಾಗ ಕಿವಿ ಮುಚ್ಚಿಕೊಳ್ಳುವುದು ಈ ಒತ್ತಡದ ಏರಿಳಿತದಿಂದ. ಉಗುಳು ನುಂಗಿದರೆ, ಆಕಳಿಸಿದರೆ ಬಿಟ್ಟುಕೊಳ್ಳುತ್ತದೆ.

ಒಳಗಿನ ಗಾಳಿ ಬಹಳ ಒಣ. ಮಳೆಗಾಲದಲ್ಲಿ ಒಗೆದ ಬಟ್ಟೆ ಮೂರು ದಿನವಾದರೂ ಒಣಗದ ನಮ್ಮ ಕರಾವಳಿಯಿಂದ ಹೊರಟವರಿಗೆ ತುಟಿ, ಮೂಗು, ಕಣ್ಣು ಒಣಗಿ ಉರಿಯುವುದು ಇದರಿಂದಲೇ. ಒಣ ಗಾಳಿ, ಕಡಿಮೆ ಒತ್ತಡ ಎರಡೂ ಸೇರಿ ಉಪ್ಪು, ಸಿಹಿಗಳ ರುಚಿ ಮಂಕಾಗುತ್ತದೆ. ವಿಮಾನದ ಊಟ ಸಪ್ಪೆ ಎನ್ನುವವರು ಪೂರ್ತಿ ದೋಷವನ್ನು ಅಡುಗೆಯವರ ಮೇಲೆ ಹಾಕಬೇಕಾಗಿಲ್ಲ. ಆಗಾಗ ನೀರು ಕುಡಿಯುವುದು, ಗಂಟೆಗೋ ಎರಡು ಗಂಟೆಗೋ ಎದ್ದು ನಾಲ್ಕು ಹೆಜ್ಜೆ ನಡೆಯುವುದು ಒಳ್ಳೆಯದು. ಬಹಳ ಹೊತ್ತು ಕೂತಲ್ಲೇ ಕೂತರೆ ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯವಿದೆ.

ನಕ್ಷೆ ನೋಡಿ ಬೆರಗಾಗುವವರೂ ಇದ್ದಾರೆ. ಅಮೆರಿಕಕ್ಕೆ ಪಡುವಣಕ್ಕೆ ಹೋಗುವ ಬದಲು ವಿಮಾನ ಬಡಗಣಕ್ಕೇಕೆ ಹೋಗುತ್ತದೆ? ಒಂದು ತೆಂಗಿನಕಾಯಿಯ ಮೇಲೆ ದೂರದ ಎರಡು ಚುಕ್ಕೆ ಇಟ್ಟು ದಾರವನ್ನು ಬಿಗಿಯಾಗಿ ಎಳೆದು ನೋಡಿ; ಅತಿ ಹತ್ತಿರದ ದಾರಿ ಚಪ್ಪಟೆ ನಕ್ಷೆಯ ನೇರ ಗೆರೆಯಲ್ಲ ಎಂಬುದು ತಿಳಿಯುತ್ತದೆ. 2021ರ ಜನವರಿಯಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಬಂದ ಏರ್ ಇಂಡಿಯಾದ ಮೊದಲ ನೇರ ವಿಮಾನ, ಮಹಿಳೆಯರೇ ನಡೆಸಿದ ಆ ವಿಮಾನ, ಉತ್ತರ ಧ್ರುವದ ಮೇಲಿನಿಂದಲೇ ಹಾದು ಸುಮಾರು 14,000 ಕಿಲೋಮೀಟರ್ ಕ್ರಮಿಸಿತು.

ಎಲ್ಲಕ್ಕಿಂತ ದೊಡ್ಡ ತೊಂದರೆ ಗಡಿಯಾರದ್ದು. ನಮ್ಮ ಮೆದುಳಿನಲ್ಲಿ ಬೆಳಕು-ಕತ್ತಲೆಗೆ ಹೊಂದಿ ನಡೆಯುವ ಗಡಿಯಾರವೊಂದಿದೆ. ದೇಹದ ಈ ಗಡಿಯಾರ ಹೇಗೆ ಕೆಲಸ ಮಾಡುತ್ತದೆಂಬುದರ ಸಂಶೋಧನೆಗೆ 2017ರಲ್ಲಿ ಮೂವರು ವಿಜ್ಞಾನಿಗಳಿಗೆ ನೊಬೆಲ್ ಬಹುಮಾನ ಬಂತು. ಹಡಗಿನಲ್ಲಿ ದಿನಕ್ಕೆ ಕಾಲು ಗಂಟೆಯಂತೆ ಸರಿಯುತ್ತಿದ್ದ ಈ ಗಡಿಯಾರವನ್ನು ವಿಮಾನ ಒಂದೇ ದಿನದಲ್ಲಿ ಹತ್ತು ಹನ್ನೆರಡು ಗಂಟೆ ತಳ್ಳುತ್ತದೆ. ಅದು ಸರಿಹೊಂದುವುದು ಹೆಚ್ಚುಕಡಿಮೆ ದಿನಕ್ಕೊಂದು ಗಂಟೆಯಂತೆ. ಹೀಗಾಗಿ ಹೊಸ ವಿದ್ಯಾರ್ಥಿ ಮೊದಲ ವಾರ ನಡುರಾತ್ರಿ ಎದ್ದು ಕೂರುತ್ತಾನೆ, ನಡುಹಗಲು ತೂಕಡಿಸುತ್ತಾನೆ. ಹೊಸ ಕೋಣೆಯಲ್ಲಿ ಎಲ್ಲರೂ ಮಲಗಿರುವಾಗ ಒಬ್ಬನೇ ಎಚ್ಚರಿರುವ ಆ ಹೊತ್ತಿನಲ್ಲಿ ಮನೆಯ ನೆನಪು ಬಹಳ ಕಾಡುತ್ತದೆ. ಇದು ಮನಸ್ಸಿನ ದೌರ್ಬಲ್ಯವಲ್ಲ, ಅರ್ಧ ಪಾಲು ಗಡಿಯಾರದ ಆಟ ಎಂದು ಮೊದಲೇ ಗೊತ್ತಿದ್ದರೆ ಧೈರ್ಯ ಬರುತ್ತದೆ. ಹೊಸ ಊರಿನ ಹಗಲ ಬೆಳಕಿನಲ್ಲಿ ಓಡಾಡುವುದೇ ಇದಕ್ಕೆ ಮದ್ದು.

ಪಿಗ್ಮಿಯಿಂದ ಸಾಲದ ತನಕ

ಕಡಲು ದಾಟುವವರ ಬಳಗ ದೊಡ್ಡದಾದದ್ದು ವಿಮಾನದಿಂದಷ್ಟೇ ಅಲ್ಲ, ಬ್ಯಾಂಕಿನಿಂದಲೂ. ಉಡುಪಿ ಬ್ಯಾಂಕುಗಳ ತವರು. 1906ರಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಇಲ್ಲಿ ಕಟ್ಟಿದ ಸಂಸ್ಥೆ ಕಾರ್ಪೊರೇಷನ್ ಬ್ಯಾಂಕ್ ಆಯಿತು. 1925ರಲ್ಲಿ ಉಪೇಂದ್ರ ಪೈ, ಡಾ. ಟಿ.ಎಂ.ಎ. ಪೈ, ವಾಮನ ಕುಡ್ವ ಅವರು ಆರಂಭಿಸಿದ್ದು ಸಿಂಡಿಕೇಟ್ ಬ್ಯಾಂಕ್ ಆಯಿತು. ಮನೆಬಾಗಿಲಿಗೆ ಬಂದು ದಿನಕ್ಕೆ ಎರಡಾಣೆ ಸಂಗ್ರಹಿಸುವ ಪಿಗ್ಮಿ ಠೇವಣಿ 1928ರ ಯೋಜನೆ. ಎರಡೂ ಬ್ಯಾಂಕುಗಳು 2020ರ ಏಪ್ರಿಲ್ 1ರಂದು ಬೇರೆ ಬ್ಯಾಂಕುಗಳಲ್ಲಿ ವಿಲೀನವಾಗಿ ಹೆಸರು ಕಳೆದುಕೊಂಡವು. ಎರಡಾಣೆ ಕೂಡಿಟ್ಟು ಮಕ್ಕಳನ್ನು ಓದಿಸುವ ಅಭ್ಯಾಸವನ್ನು ಮಾತ್ರ ಊರಲ್ಲಿ ಬಿಟ್ಟುಹೋದವು.

1960ರ ದಶಕದಲ್ಲಿ ವಿದೇಶಕ್ಕೆ ಹೋಗುವವರು ಕೈಯಲ್ಲಿ ಒಯ್ಯಬಹುದಾಗಿದ್ದದ್ದು ಎಂಟು ಡಾಲರ್ ಎಂಬುದನ್ನು ಆ ಕಾಲದವರು ಇಂದಿಗೂ ಹೇಳುತ್ತಾರೆ. ವಿದ್ಯಾರ್ಥಿವೇತನ ಸಿಕ್ಕಿದವರು ಅಥವಾ ಉಳ್ಳವರು ಮಾತ್ರ ಹೋಗುತ್ತಿದ್ದರು. 2001ರಲ್ಲಿ ಬ್ಯಾಂಕುಗಳು ಶಿಕ್ಷಣ ಸಾಲದ ಮಾದರಿ ಯೋಜನೆಯನ್ನು ತಂದಾಗ ವಿದೇಶದ ಓದಿಗೆ 15 ಲಕ್ಷ ರೂಪಾಯಿ ತನಕ ಸಾಲದ ದಾರಿ ತೆರೆಯಿತು. ಮುಂದೆ ಅದು 20 ಲಕ್ಷಕ್ಕೇರಿತು. ಶಾಲಾ ಮಾಸ್ತರರ ಮಗಳೂ ಹೋಟೆಲು ನಡೆಸುವವರ ಮಗನೂ ಪೆಟ್ಟಿಗೆ ಕಟ್ಟುವಂತಾಯಿತು. ಇದು ಸಣ್ಣ ಮಾತಲ್ಲ.

ಆದರೆ ಏಳೂವರೆ ಲಕ್ಷಕ್ಕೆ ಮೇಲಿನ ಸಾಲಕ್ಕೆ ಆಸ್ತಿಯ ಆಧಾರ ಬೇಕು. ಅಪ್ಪ ಕಟ್ಟಿಸಿದ ಮನೆಯ ಪತ್ರವೋ ಅಜ್ಜನ ಕಾಲದ ಜಾಗದ ಪತ್ರವೋ ಬ್ಯಾಂಕಿನ ಕಪಾಟು ಸೇರುತ್ತದೆ. ಓದು ಮುಗಿದು ಒಂದು ವರ್ಷಕ್ಕೆ ಕಂತು ಶುರು. 1988ರಲ್ಲಿ ಡಾಲರಿಗೆ ಸುಮಾರು 14 ರೂಪಾಯಿ. 2024ರಲ್ಲಿ 83, 84. ರೂಪಾಯಿಯ ಸಂಬಳದಲ್ಲಿ ತೀರಿಸಲು ಹತ್ತು ಹದಿನೈದು ವರ್ಷ ಹಿಡಿಯುವ ಸಾಲವನ್ನು ಡಾಲರಿನ ಸಂಬಳದಲ್ಲಿ ಮೂರು ನಾಲ್ಕು ವರ್ಷದಲ್ಲಿ ತೀರಿಸಬಹುದು. ಅಮೆರಿಕದಲ್ಲಿ ಓದು ಮುಗಿಸಿದವರಿಗೆ 12 ತಿಂಗಳು, ವಿಜ್ಞಾನ-ತಂತ್ರಜ್ಞಾನ ಓದಿದವರಿಗೆ 2016ರ ನಿಯಮದಂತೆ ಇನ್ನೂ 24 ತಿಂಗಳು ಅಲ್ಲೇ ದುಡಿಯುವ ಅವಕಾಶವಿದೆ. ಸಾಲದ ಲೆಕ್ಕ ಈ ಅವಕಾಶದ ಮೇಲೆಯೇ ನಿಂತಿರುತ್ತದೆ. ಹಾಗಾಗಿ "ಬರುವುದು ಯಾವಾಗ?" ಎಂಬ ಅಜ್ಜಿಯ ಪ್ರಶ್ನೆಗೆ ಉತ್ತರ ಕೊಡುವವನು ಮೊಮ್ಮಗನೊಬ್ಬನೇ ಅಲ್ಲ; ಬ್ಯಾಂಕಿನ ಕಪಾಟಿನಲ್ಲಿರುವ ಮನೆಪತ್ರವೂ ಉತ್ತರಿಸುತ್ತದೆ.

ಮಣಿಪಾಲದ ಕತೆ ಇದರ ಎರಡೂ ಮುಖ ತೋರಿಸುತ್ತದೆ. 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜು, 1957ರಲ್ಲಿ ಎಂಜಿನಿಯರಿಂಗ್ ಕಾಲೇಜು ಬಂದವು. ಆ ಎಂಜಿನಿಯರಿಂಗ್ ಕಾಲೇಜಿನಲ್ಲಿ 1988ರಲ್ಲಿ ಓದು ಮುಗಿಸಿ ಅಮೆರಿಕದ ಮಿಲ್ವಾಕಿಗೆ ಹೋದ ಸತ್ಯ ನಾದೆಲ್ಲಾ 2014ರಲ್ಲಿ ಮೈಕ್ರೋಸಾಫ್ಟಿನ ಮುಖ್ಯಸ್ಥರಾದರು. ಇನ್ನೊಂದು ಕಡೆಯಿಂದ, 1997ರಲ್ಲಿ ಆರಂಭವಾದ ಮೆಲಾಕಾ ಮಣಿಪಾಲ ವೈದ್ಯಕೀಯ ಕಾಲೇಜಿನ ಮಲೇಷ್ಯಾದ ಹುಡುಗ ಹುಡುಗಿಯರು ಓದಿನ ಮೊದಲ ಹಂತಕ್ಕೆ ಮಣಿಪಾಲಕ್ಕೆ ಹಾರಿಬಂದರು. ಅವರ ತಾಯಂದಿರಿಗೆ ಮಣಿಪಾಲವೇ ಪರದೇಶ. ಅಲ್ಲಿ ಊಟಕ್ಕೇನು, ಯಾರ ಜೊತೆ ಇರುವುದು ಎಂದು ಅವರೂ ಕೇಳಿರಬೇಕು.

ಉಳಿದುಕೊಂಡ ಪ್ರಶ್ನೆ

ಹಳೆಯ ನಿಯಮ ಪೂರ್ತಿ ಅಳಿದಿದೆಯೆಂದು ಹೇಳುವಂತಿಲ್ಲ. ಗೃಹಸ್ಥರ ಮಟ್ಟಿಗೆ ಅದನ್ನು ಇಂದು ಯಾರೂ ಎತ್ತುವುದಿಲ್ಲ. ಯತಿಗಳ ವಿಷಯದಲ್ಲಿ ಇನ್ನೂ ಜೀವಂತವಾಗಿದೆ. ವಿದೇಶಗಳಲ್ಲಿ ಸಂಚರಿಸಿದ ಪುತ್ತಿಗೆ ಮಠದ ಶ್ರೀ ಸುಗುಣೇಂದ್ರ ತೀರ್ಥರು 2008ರ ಜನವರಿಯಲ್ಲಿ ಪರ್ಯಾಯ ಪೀಠ ಏರುವ ಹೊತ್ತಿಗೆ, ಸಾಗರ ದಾಟಿದವರು ಕೃಷ್ಣನ ವಿಗ್ರಹವನ್ನು ಮುಟ್ಟಿ ಪೂಜಿಸಬಹುದೇ ಎಂಬ ಪ್ರಶ್ನೆ ಎದ್ದು ಉಡುಪಿಯಲ್ಲಿ ದೊಡ್ಡ ಚರ್ಚೆಯಾಯಿತು. 2024ರ ಜನವರಿ 18ರಂದು ಅವರು ನಾಲ್ಕನೆಯ ಪರ್ಯಾಯಕ್ಕೆ ಪೀಠವೇರಿದಾಗ ಅದೇ ಪ್ರಶ್ನೆ ಮತ್ತೆ ಕೇಳಿಬಂತು. ಎರಡೂ ಪಕ್ಷದವರ ಮಾತಿಗೆ ಅವರವರ ಆಧಾರಗಳಿವೆ. ಅದರ ತೀರ್ಮಾನ ಇಲ್ಲಿಯ ವಿಷಯವಲ್ಲ. ಎರಡು ಸಾವಿರ ವರ್ಷಕ್ಕೂ ಹಳೆಯ ಮಾತೊಂದು ನಮ್ಮ ಕಣ್ಣೆದುರೇ ಇನ್ನೂ ಚರ್ಚೆಯಾಗುತ್ತಿರುವ ಊರಿನಿಂದಲೇ ಮಕ್ಕಳು ವರ್ಷವರ್ಷ ಹಾರುತ್ತಿದ್ದಾರೆ ಎಂಬುದಷ್ಟೇ ಗಮನಿಸಬೇಕಾದ್ದು.

ಊಟದ ಪ್ರಶ್ನೆ ಇಂದು ಅರ್ಧ ಬಗೆಹರಿದಿದೆ. ಆದರೂ ಅದಕ್ಕೆ ಅದರದೇ ಆದ ಹೊಸ ಶಾಸ್ತ್ರಗಳಿವೆ! ಪ್ರಯಾಣಿಕರು ಭಾರತದಿಂದ ಅಕ್ಕಿ ತರುವುದನ್ನು ಅಮೆರಿಕ ಬಿಡುವುದಿಲ್ಲ. ದಾಸ್ತಾನು ಧಾನ್ಯವನ್ನು ಹಾಳುಮಾಡುವ ಖಪ್ರಾ ಎಂಬ ಹುಳದ ಭಯ. ಹಾಗಾಗಿ ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟ ಕುಚ್ಚಲಕ್ಕಿ ಕಸದ ತೊಟ್ಟಿ ಸೇರುವ ಬದಲು ಮನೆಯಲ್ಲೇ ಉಳಿಯುವುದು ಲೇಸು. ಸಂಗದ ಪ್ರಶ್ನೆಗೆ ಫೋನಿನ ಪರದೆ ದಿನವೂ ಒಂದಿಷ್ಟು ಸಮಾಧಾನ ಕೊಡುತ್ತದೆ.

ಮೂರನೆಯದು ಮಾತ್ರ ತಲೆಕೆಳಗಾಗಿದೆ. ಅಂದು ಹೋದವನು ಮರಳಿ ಬಂದು ಬಾಗಿಲು ತಟ್ಟುತ್ತಿದ್ದ. ಒಳಗೆ ಕರೆಯಲು ಊರು ಹಿಂಜರಿಯುತ್ತಿತ್ತು. ಇಂದು ಊರು ಬಾಗಿಲು ತೆರೆದೇ ಕೂತಿದೆ, ಬರುವವರು ಕಡಿಮೆ. ಹೋದವರೆಲ್ಲ ಮರಳಲೇಬೇಕೆಂದು ಕಟ್ಟಳೆ ಹಾಕಲು ಯಾರಿಗೂ ಹಕ್ಕಿಲ್ಲ. ಆದರೆ ದೂರ ಹೋದವರು ಊರಿಗೆ ನಷ್ಟವೆಂದು ತಿಳಿಯುವುದೂ ಸರಿಯಲ್ಲ. ತೀರ್ಥಹಳ್ಳಿ ಸೀಮೆಯ ಯು.ಆರ್. ಅನಂತಮೂರ್ತಿಯವರು 1960ರ ದಶಕದಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನಲ್ಲಿ ಓದುತ್ತಿದ್ದಾಗ ಬರೆದ ಕಾದಂಬರಿ ಅಲ್ಲಿಯ ಊರಿನದಲ್ಲ, ಇಲ್ಲಿಯ ಮಾಧ್ವ ಅಗ್ರಹಾರದ್ದು. 1965ರಲ್ಲಿ ಬಂದ 'ಸಂಸ್ಕಾರ' ಕನ್ನಡದವರಿಗೆ ತಮ್ಮ ಅಂಗಳವನ್ನೇ ಹೊಸದಾಗಿ ತೋರಿಸಿತು. ಹತ್ತಿರವಿದ್ದಾಗ ಕಾಣದ್ದು ಕೆಲವೊಮ್ಮೆ ಕಡಲಾಚೆಯಿಂದ ಕಾಣುತ್ತದೆ. ಮರಳುವುದೆಂದರೆ ಮೈ ಬಂದು ಸೇರುವುದಷ್ಟೇ ಅಲ್ಲವೆಂದು ಅನಂತಮೂರ್ತಿಯವರ ಉದಾಹರಣೆ ಹೇಳುತ್ತದೆ.

ಮರುದಿನ ಮಳೆಯಲ್ಲೇ ಕಾರು ಹೊರಡುತ್ತದೆ. ಕಾರ್ಕಳದವರು ಮೂಡುಬಿದಿರೆಯ ದಾರಿಯಲ್ಲಿ, ಉಡುಪಿ, ಕಾಪುವಿನವರು ಹೆದ್ದಾರಿ 66ರಲ್ಲಿ ಬಜ್ಪೆಯ ಕಡೆಗೆ ತಿರುಗುತ್ತಾರೆ. ಹೊರಡುವ ಮುನ್ನ ಆ ಹುಡುಗನೋ ಹುಡುಗಿಯೋ ಅಜ್ಜಿಯ ಕಾಲು ಮುಟ್ಟಿ ಒಂದು ಮಾತು ಹೇಳುತ್ತಾರೆ. ಇಂಗ್ಲಿಷಿನಲ್ಲಿ ಎಷ್ಟೇ ಪಳಗಿದವರೂ ಆ ಹೊತ್ತಿಗೆ ಮನೆಮಾತಿಗೇ ಮರಳುತ್ತಾರೆ. ತುಳುವಿನಲ್ಲಿ 'ಪೋದು ಬರ್ಪೆ', ಕುಂದಾಪುರದ ಕಡೆ 'ಹೋಯ್ ಬತ್ತೆ', ಉಳಿದೆಡೆ 'ಹೋಗಿ ಬರುತ್ತೇನೆ'. ಬರಿದೆ 'ಹೋಗುತ್ತೇನೆ' ಎಂದರೆ ಹಿರಿಯರು ತಿದ್ದುತ್ತಾರೆ. ನಮ್ಮ ಮಾತುಗಳಲ್ಲಿ ಹೊರಡುವುದರ ಜೊತೆಗೇ ಬರುವುದನ್ನೂ ಸೇರಿಸಿಯೇ ಹೇಳಬೇಕು. ಆಟಿಯಲ್ಲಿ ಹೊರಟರೂ ಆ ಒಂದು ಮಾತನ್ನು ಮರೆಯದಿದ್ದರೆ, ಅಜ್ಜಿಗೆ ಅಂದಿನ ಮಟ್ಟಿಗೆ ಅಷ್ಟು ಸಾಕು.